ಆಳಿದವನು ಹೋದ, ಅವನ ಭಾಷೆ ಹೋಗಲಿಲ್ಲ
(ಬುಕ್ಕಾಂಬುಧಿಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಅಂಬುಧಿ ಅಂದರೆ ಕಡಲು. ಕೆರೆಯನ್ನೇ ಕಡಲೆಂದು ಕರೆದು, ಅದಕ್ಕೆ ಬುಕ್ಕನ ಹೆಸರಿಟ್ಟ ಜನ ನೀವು. ಹೆಸರಿನ ಅಭಿಮಾನ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಭಿಮಾನವೊಂದೇ ಸಾಕೇ? ಇವತ್ತಿನ ಪ್ರಶ್ನೆ ಅದು.

ದೂರದ ಒಂದು ಪುಟ್ಟ ದೇಶದ ಕಥೆ ಕೇಳಿ. ಅರ್ಮೇನಿಯಾ. ಜನ ಸುಮಾರು 30 ಲಕ್ಷ. ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಕ್ರಿ.ಶ. 405ರ ಸುಮಾರಿಗೆ ಮೆಸ್ರೋಪ್ ಮಾಷ್ತೋತ್ಸ್ ಎಂಬ ಸನ್ಯಾಸಿ ತನ್ನ ಜನರ ನುಡಿಗೆ 36 ಅಕ್ಷರಗಳ ಲಿಪಿ ಕೊಟ್ಟ. ನಮ್ಮ ಹಲ್ಮಿಡಿ ಶಾಸನವೂ ಅದೇ 5ನೇ ಶತಮಾನದ್ದು ಎನ್ನುತ್ತಾರೆ. ಅಂದರೆ ಓರಗೆಯವರು ನಾವು! ಅರ್ಮೇನಿಯನ್ ಭಾಷೆಯ ಮೊದಲ ಪತ್ರಿಕೆ ಅಚ್ಚಾಗಿದ್ದು ಎಲ್ಲಿ ಗೊತ್ತೇ? ನಮ್ಮ ಪಕ್ಕದ ಮದರಾಸಿನಲ್ಲಿ, 1794ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದಿದ್ದು 1843ರಲ್ಲಿ. ಮನೆ ಬಿಟ್ಟು ಇಷ್ಟು ದೂರ ಬಂದ ವರ್ತಕರು ಗಂಟಿನ ಜೊತೆಗೆ ಅಕ್ಷರವನ್ನೂ ಕಟ್ಟಿಕೊಂಡು ಬಂದಿದ್ದರು.

ಆ ನಾಡು 1828ರಲ್ಲಿ ರಷ್ಯದ ಝಾರ್ ದೊರೆಯ ಕೈಗೆ ಹೋಯಿತು. ಆಮೇಲೆ ಸೋವಿಯತ್ ಆಳ್ವಿಕೆ. ದೊಡ್ಡ ಹುದ್ದೆಗೆ ಏರಬೇಕೇ? ರಷ್ಯನ್ ಬೇಕು. ಮಾಸ್ಕೋಗೆ ಹೋಗಿ ಓದಬೇಕೇ? ರಷ್ಯನ್ ಬೇಕು. ಅಪ್ಪ ಅಮ್ಮಂದಿರೇ ಮಕ್ಕಳನ್ನು ರಷ್ಯನ್ ಶಾಲೆಗೆ ಸೇರಿಸಿದರು. ಈ ಕಥೆ ಎಲ್ಲೋ ಕೇಳಿದಂತಿದೆ ಅಲ್ಲವೇ? 1978ರಲ್ಲಿ ಪಕ್ಕದ ಜಾರ್ಜಿಯಾದ ಭಾಷೆಗಿದ್ದ ರಾಜ್ಯಭಾಷೆಯ ಸ್ಥಾನವನ್ನು ಸಂವಿಧಾನದಿಂದ ತೆಗೆಯಲು ಹೊರಟಾಗ ಜನ ಬೀದಿಗಿಳಿದರು. ಮಾಸ್ಕೋ ಹಿಂದೆ ಸರಿಯಿತು. ಅರ್ಮೇನಿಯನ್ ಭಾಷೆಯ ಸ್ಥಾನವೂ ಉಳಿಯಿತು.

1991ರಲ್ಲಿ ಸ್ವಾತಂತ್ರ್ಯ ಬಂತು. 1993ರಲ್ಲಿ ಭಾಷಾ ಕಾನೂನು ಬಂತು. ಶಾಲೆ, ಕಚೇರಿ, ಕೋರ್ಟು, ಎಲ್ಲ ಅರ್ಮೇನಿಯನ್. ಹಾಗಾದರೆ ರಷ್ಯನ್ ಹೋಯಿತೇ? ಇಲ್ಲ. ಗ್ಯೂಮ್ರಿ ಪಟ್ಟಣದಲ್ಲಿ ರಷ್ಯದ ಸೇನಾ ನೆಲೆ ಉಳಿಯಿತು. 2008ರಲ್ಲಿ ರೈಲು ರಷ್ಯದ ಕಂಪನಿಯ ಕೈಗೆ ಹೋಯಿತು. ಕೂಲಿ ಹುಡುಕಿ ಜನ ರಷ್ಯಕ್ಕೇ ಹೋಗುತ್ತಾರೆ. ಬೋರ್ಡು ಬದಲಾಯಿಸುವುದು ಸುಲಭ, ಹೊಟ್ಟೆಪಾಡಿನ ದಾರಿ ಬದಲಾಯಿಸುವುದು ಕಷ್ಟ. ಆದರೂ ಒಂದು ಮಾತು ನೆನಪಿಡಿ: ಆ 30 ಲಕ್ಷ ಜನಕ್ಕೆ ತೀರ್ಪು ಅವರ ಭಾಷೆಯಲ್ಲೇ ಸಿಗುತ್ತದೆ.

ನಾವು 6 ಕೋಟಿಗೂ ಹೆಚ್ಚು. ಇಂಗ್ಲಿಷರು ಹೋಗಿದ್ದು 1947ರಲ್ಲಿ. ಕನ್ನಡ ಆಡಳಿತ ಭಾಷೆ ಎಂಬ ಕಾನೂನು ಬಂದಿದ್ದು 1963ರಲ್ಲಿ. ಸಂವಿಧಾನದ 348ನೇ ವಿಧಿಯಂತೆ ನಮ್ಮ ಹೈಕೋರ್ಟಿನ ಭಾಷೆ ಇಂದಿಗೂ ಇಂಗ್ಲಿಷ್. ಅದೇ ವಿಧಿಯ ಎರಡನೇ ಭಾಗದ ಬಾಗಿಲಿನಿಂದ ರಾಜಸ್ಥಾನ, ಉತ್ತರಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಿಗೆ ಹಿಂದಿ ಹೊಕ್ಕಿತು. ಹಿಂದಿಗೆ ತೆರೆದ ಬಾಗಿಲು ಕನ್ನಡಕ್ಕೇಕೆ ಮುಚ್ಚಿದೆ?

ನನ್ನ ಚಿಕ್ಕಪ್ಪನ ಕಥೆ ಹೇಳುತ್ತೇನೆ. ಈರುಳ್ಳಿ ಬೆಳೆ ನೀರಲ್ಲಿ ಕೊಳೆತು ಹೋದ ವರ್ಷ ವಿಮೆಗೆ ಅರ್ಜಿ ಹಾಕಿದ್ದರು. ಒಂದು ಕಚೇರಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ಓದುವವರಿಲ್ಲದೆ ಅದು ದೇವರ ಪಟದ ಹಿಂದೆ ಕೂತಿತು. ನಾನು ಊರಿಗೆ ಬಂದಾಗ ಕೈಗಿಟ್ಟು, ‘ದುಡ್ಡು ಬಂತೇನೋ, ನೋಡಪ್ಪ’ ಅಂದರು. ಹದಿನೈದು ದಿನದೊಳಗೆ ಪಹಣಿ ಕಳಿಸಿ ಎಂದಿತ್ತು. ಇಪ್ಪತ್ತು ದಿನ ಆಗಿಹೋಗಿತ್ತು. ಚಿಕ್ಕಪ್ಪ ಬೈಯಲಿಲ್ಲ, ‘ನಾನು ಓದಿದ್ರೆ ಹಿಂಗಾಗ್ತಿರಲಿಲ್ಲ’ ಅಂದರು. ಕನ್ನಡ ಚೆನ್ನಾಗಿ ಓದಬಲ್ಲ ಮನುಷ್ಯ ತನ್ನನ್ನೇ ಅನಕ್ಷರಸ್ಥ ಅಂದುಕೊಂಡರು! ಗೆಳೆಯರೇ, ಗುಲಾಮಗಿರಿ ಅಂದರೆ ಇದೇ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಹಿಂದೆ ನಾಡೇ ನಡೆಯಿತು. ಅಂದು ಘೋಷಣೆ ಕೂಗಿದವರ ಮೊಮ್ಮಕ್ಕಳು ಇಂದು ಯಾವ ಶಾಲೆಯಲ್ಲಿದ್ದಾರೆ? ಮಾಧ್ಯಮದ ಆಯ್ಕೆ ಪೋಷಕರದ್ದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿ, ಆಯ್ಕೆ ನಮ್ಮದೇ. ನಾವು ಆರಿಸಿದ್ದೇನು? ಇಂಗ್ಲಿಷ್ ಕಲಿಯಬೇಡಿ ಎನ್ನುತ್ತಿಲ್ಲ. ಕಲಿಯಿರಿ, ದುಡಿಯಿರಿ. ಆದರೆ ಭಾಷೆ ಕಲಿಯುವುದು ಬೇರೆ, ಅದರ ಕಾಲಡಿ ಬದುಕುವುದು ಬೇರೆ.

ಬೆಂಗಳೂರಿನ ಗೆಳೆಯರೇ, ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಾಯಿತು. ಸಂತೋಷ. ಬೋರ್ಡಿನಿಂದ ಒಳಗೆ ಕೌಂಟರಿಗೆ ಹೋಗೋಣ. ಅರ್ಜಿ ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ತುಂಬಿ. 2005ರ ಮಾಹಿತಿ ಹಕ್ಕು ಕಾನೂನಿನಡಿ ಕನ್ನಡದಲ್ಲೇ ಅರ್ಜಿ ಹಾಕಬಹುದು; ಹಾಕಿ. ಕಾನೂನು ಓದುತ್ತಿರುವವರು ಕನ್ನಡದಲ್ಲಿ ವಾದ ಬರೆಯುವುದನ್ನು ಕಲಿಯಿರಿ. ಹಬ್ಬಕ್ಕೆ ಬಂದವರು ಹಿಂತಿರುಗುವ ಮುನ್ನ ನಿಮ್ಮ ಮನೆಯ ದೇವರ ಪಟದ ಹಿಂದೆ ಒಮ್ಮೆ ಕೈ ಹಾಕಿ ನೋಡಿ, ಯಾವ ಕಾಗದ ಕೂತಿದೆಯೋ!

ತರೀಕೆರೆ ಬಳಿಯ ಅಮೃತಾಪುರಕ್ಕೆ ಹೋಗಿ. 1196ರ ದೇವಾಲಯ. ಅಲ್ಲಿನ ಶಾಸನ ಕವಿ ಜನ್ನನ ಕನ್ನಡ. ಅಂದಿನ ಸರ್ಕಾರಿ ದಾಖಲೆಯನ್ನು ಮಹಾಕವಿ ಬರೆದ, ಕಲ್ಲು ಹೊತ್ತುಕೊಂಡಿತು. ಕಲ್ಲು ಹೊತ್ತ ಕನ್ನಡವನ್ನು ಇಂದಿನ ಕಾಗದ ಹೊರಲಾರದೇ?

ಸಿರಿಗನ್ನಡಂ ಗೆಲ್ಗೆ!