ಮಿದುಳಿನ ಶಾಸ್ತ್ರಕ್ಕೆ ಹಲವು ದ್ವಾರಗಳು



ಮಿದುಳಿನ ಶಾಸ್ತ್ರವು ವೈದ್ಯರಿಗೆ ಮಾತ್ರ ಮೀಸಲೆಂದು ಬಗೆದು ಎಷ್ಟೋ ತಂದೆತಾಯಂದಿರು ಮಕ್ಕಳ ಆಸೆಯನ್ನು ತಡೆಯುವರು. ಅದು ಯುಕ್ತವಲ್ಲ. ಸ್ಪೇನ್ ದೇಶದ ರಾಮೋನ್ ಇ ಕಹಾಲನು ಬಾಲ್ಯದಲ್ಲಿ ಚಿತ್ರಕಾರನಾಗಲು ಹಂಬಲಿಸಿದನು; ತಂದೆಯ ಒತ್ತಾಯದಿಂದ ವೈದ್ಯವಿದ್ಯೆಯನ್ನು ಕಲಿತನು. ಸೂಕ್ಷ್ಮದರ್ಶಕದಲ್ಲಿ ಕಂಡ ನರಕೋಶಗಳನ್ನು ಬರೆದು ತೋರಿಸಲು ಆ ಚಿತ್ರಕಲೆಯೇ ಒದಗಿತು. 1906ರಲ್ಲಿ ಗಾಲ್ಜಿಯೊಡನೆ ನೊಬೆಲ್ ಪಾರಿತೋಷಕವೂ ದೊರೆಯಿತು. ಕಲಿತ ವಿದ್ಯೆಯು ವ್ಯರ್ಥವಾಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ವೈದ್ಯರಂತೆಯೇ ವಿಜ್ಞಾನ, ಇಂಜಿನಿಯರಿಂಗ್ ಓದಿದವರಿಗೂ ಪಿಎಚ್.ಡಿ. ಸಂಶೋಧನೆಗೆ ಅವಕಾಶವುಂಟು. ಎಂ.ಎಸ್ಸಿ. ಮುಗಿಸಿ, ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕ ವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗಳು ಗೊತ್ತಾಗಿವೆ. ಆದುದರಿಂದ ಬಡತನವೊಂದೇ ಅಡ್ಡಿಯಾಗಲಾರದು. ಬೇಕಾದುದು ಐದಾರು ವರ್ಷಗಳ ತಾಳ್ಮೆ. ಅಲ್ಲಿಯವರೆಗೆ ಸಂಪಾದನೆಗೆ ಅವಸರಪಡಿಸದಿರುವುದೇ ಹಿರಿಯರ ಧರ್ಮವು.