ಹೆಬ್ಬೆಟ್ಟು ಯಾರದು?

(ಜಿಲ್ಲೆಯ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರು ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಹೆದರುತ್ತಿದ್ದರು. ಪತ್ರದಲ್ಲಿ ಏನು ಬರೆದಿದೆಯೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಒತ್ತಿದ ಮೇಲೆ ಹೊಲ ಹೋಗಬಹುದೆಂಬುದು ಮಾತ್ರ ತಿಳಿದಿತ್ತು. ಇಂದು ನಾವು ಆ ಹೆದರಿಕೆಯೂ ಇಲ್ಲದೆ ಒತ್ತುತ್ತಿದ್ದೇವೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ, ಉಪನೋಂದಣಿ ಕಚೇರಿಯಲ್ಲಿ ಜಮೀನಿನ ಪತ್ರಕ್ಕೆ, ಊರಿನ ಬ್ಯಾಂಕ್ ಮಿತ್ರನ ಯಂತ್ರದಲ್ಲಿ ಪಿಂಚಣಿಗೆ. ಬಿ.ಎ. ಪಾಸಾದವರೂ ಈಗ ಹೆಬ್ಬೆಟ್ಟಿನವರೇ.

ಈ ಬ್ಯಾಂಕ್ ಮಿತ್ರನ ಯಂತ್ರವನ್ನು ಸ್ವಲ್ಪ ಬಿಡಿಸಿ ನೋಡೋಣ. ಆಧಾರ್ ಮೂಲಕ ಹಣ ಕೊಡುವ ಈ ಏರ್ಪಾಡಿಗೆ ಬೇಕಾದುದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಗುಪ್ತಸಂಖ್ಯೆ ಬೇಡ, ಮೊಬೈಲಿಗೆ ಬರುವ ಓಟಿಪಿಯೂ ಬೇಡ. ಓದು ಬಾರದ ಮುದುಕಿ ಪೇಟೆಗೆ ಅಲೆಯದೆ ತನ್ನ ದುಡ್ಡು ಪಡೆಯಲೆಂದು ಮಾಡಿದ ವ್ಯವಸ್ಥೆ; ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆರಳಚ್ಚು ಗುಟ್ಟಿನ ವಸ್ತುವಲ್ಲ. ಕ್ರಯಪತ್ರದ ಮೇಲಿದೆ, ನೀರು ಕುಡಿದಿಟ್ಟ ಲೋಟದ ಮೇಲೂ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ, ಅವರು ಯಂತ್ರದ ಹತ್ತಿರ ಸುಳಿಯದಿದ್ದರೂ ಹಣ ಹೋಯಿತೆಂಬ ದೂರುಗಳು ಬಂದವು. ಪತ್ರದ ಮೇಲಿನ ಅಚ್ಚಿನಿಂದ ನಕಲಿ ಬೆರಳು ತಯಾರಿಸುವ ಕಳ್ಳರು ಹುಟ್ಟಿಕೊಂಡಿದ್ದಾರೆ. ಗುಪ್ತಸಂಖ್ಯೆ ಕಳವಾದರೆ ಬೇರೆ ಪಡೆಯಬಹುದು. ಬೇರೆ ಬೆರಳಿಗೆ ಯಾವ ಕಚೇರಿಗೆ ಅರ್ಜಿ ಹಾಕುವುದು?

ಒಂದು ಉಪಾಯವಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಬೇಕಾದಾಗ ಸ್ವಲ್ಪ ಹೊತ್ತು ತೆರೆಯಬಹುದು. ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಿಸಿರಬೇಕು, ಅಷ್ಟೆ. ಅಷ್ಟೆ ಎಂದೆವು, ಆದರೆ ಸ್ವಂತ ಮೊಬೈಲೇ ಇಲ್ಲದ ಕೂಲಿ ಹೆಂಗಸಿಗೆ ಇದು ಅಷ್ಟೆ ಅಲ್ಲ. ಬೀಗ ಹಾಕಿದರೆ ನ್ಯಾಯಬೆಲೆ ಅಂಗಡಿಯ ಯಂತ್ರ ಅವಳ ಬೆರಳನ್ನು ಒಪ್ಪದು. ಬೀಗ ಹಾಕದಿದ್ದರೆ ಕಳ್ಳನಿಗೆ ಬಾಗಿಲು ತೆರೆದೇ ಇದೆ. ಕಚೇರಿಯ ನೌಕರನು ಕುಳಿತಲ್ಲಿಂದಲೇ ಬೀಗ ಹಾಕಿ ತೆಗೆದು ಮಾಡುತ್ತಾನೆ. ಕಳಕೊಂಡರೆ ತಡೆದುಕೊಳ್ಳಲಾಗದವಳಿಗೇ ಆ ಸೌಕರ್ಯವಿಲ್ಲ. ಕಲ್ಲು ಹೊತ್ತು, ಸುಣ್ಣ ಕಲಸಿ ರೇಖೆ ಸವೆದ ಬೆರಳನ್ನು ಯಂತ್ರ ಗುರುತಿಸದೆ ಹೋಗುವುದೂ ಉಂಟು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಗಾಗಿ ಎಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ. ಕೊಳಗ ದೊಡ್ಡದೆಂದು ಅವರು ಕಣ್ಣಿನಿಂದ ಕಂಡಿದ್ದರು. ಈ ಯಂತ್ರದ ಒಳಗನ್ನು ನಾವು ಕಾಣೆವು.

ಖಾಸಗಿತನವೆಂಬುದು ಹೊಟ್ಟೆ ತುಂಬಿದವರ ಮಾತು ಎಂದು ಕೆಲವು ಮಿತ್ರರು ಹೇಳುತ್ತಾರೆ. ಸರ್ಕಾರದ ಕಡೆಯವರೂ ಸುಪ್ರೀಂ ಕೋರ್ಟಿನಲ್ಲಿ ಹೆಚ್ಚುಕಡಿಮೆ ಇದನ್ನೇ ವಾದಿಸಿದ್ದರು. ಚರಿತ್ರೆ ಬೇರೆ ಹೇಳುತ್ತದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬುವರ ಮನೆ ಬಾಗಿಲನ್ನು ಪೊಲೀಸರು ನಡುರಾತ್ರಿ ತಟ್ಟುತ್ತಿದ್ದರು. 1962ರಲ್ಲಿ ಕೋರ್ಟು ಆ ರಾತ್ರಿ ಭೇಟಿಯನ್ನು ರದ್ದುಮಾಡಿತಾದರೂ ಖಾಸಗಿತನ ಸಂವಿಧಾನದ ಹಕ್ಕಲ್ಲವೆಂದಿತು. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕೆಂದರು. 2018ರಲ್ಲಿ ಆಧಾರ್ ಕಾಯಿದೆ ಬಹುಮತದಿಂದ ಉಳಿಯಿತು. ಬೆರಳು ಹೊಂದಲಿಲ್ಲವೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದೆಂಬ ಮಾತೂ ಆ ತೀರ್ಪಿನಲ್ಲಿದೆ. ತಾಲ್ಲೂಕು ಕಚೇರಿಗೆ ಆ ಸಾಲು ಇನ್ನೂ ಮುಟ್ಟಿದಂತಿಲ್ಲ.

ಇನ್ನು 2023ರ ವೈಯಕ್ತಿಕ ದತ್ತಾಂಶ ಕಾಯಿದೆ. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಂದವು. ನಮ್ಮ ವಿವರವನ್ನು ಕಾಯದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದಂತೆ! ಕೇಳಲು ಚೆನ್ನಾಗಿದೆ. ಆದರೆ ಆ ದಂಡ ಹೋಗುವುದು ಭಾರತ ಸರ್ಕಾರದ ಬೊಕ್ಕಸಕ್ಕೆ. ಅದರಿಂದ ಕಳಕೊಂಡವನ ಕೈಗೆ ಬಿಡಿಗಾಸೂ ಬಾರದು. ಕ್ಷುಲ್ಲಕ ದೂರು ಕೊಟ್ಟನೆಂದು ಕಂಡರೆ ಅವನಿಗೇ 10,000 ರೂಪಾಯಿವರೆಗೆ ದಂಡವುಂಟು. ತನ್ನ ಯಾವ ಇಲಾಖೆಗೆ ಬೇಕಾದರೂ ಕೇಂದ್ರ ಸರ್ಕಾರ ವಿನಾಯಿತಿ ಸಾರಬಹುದು. ಬೇಲಿಯನ್ನು ಹೀಗೆ ಹಾಕಿದವರು ಹೊಲವನ್ನು ಕಾಯಲು ಹೊರಟವರೆಂದು ನಾವು ನಂಬಲಾರೆವು.

ಸೆಲ್‌ಫೋನಿನ ಆ್ಯಪುಗಳ ಕಥೆ ಇನ್ನೊಂದು ದಿನಕ್ಕಿರಲಿ. ಸದ್ಯ ಕೈಗೆ ಎಟಕುವ ಕೆಲಸ ಹೇಳುತ್ತೇವೆ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಬೇಕು, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿ, 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನದಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ಅದನ್ನು ಮ್ಯಾನೇಜರರ ಮುಂದಿಟ್ಟು ಮಾತಾಡಿ. ಬರುವ ತಿಂಗಳು ಪಡಿತರ ಕೊಡುವ ದಿನಗಳಲ್ಲಿ ಪ್ರತಿ ಶಾಖೆಯಿಂದ ಇಬ್ಬರು ನ್ಯಾಯಬೆಲೆ ಅಂಗಡಿಯ ಬಳಿ ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಬೇಕು. ಬೆರಳು ಹೊಂದಲಿಲ್ಲವೆಂದು ಬರಿಗೈಯಲ್ಲಿ ಮರಳಿದವರ ಹೆಸರು, ದಿನಾಂಕ, ಅಂಗಡಿಯವನು ಹೇಳಿದ ಮಾತು, ಇಷ್ಟನ್ನು ಅವರ ಒಪ್ಪಿಗೆ ಕೇಳಿ ಬರೆದುಕೊಂಡು ತಹಸೀಲ್ದಾರರಿಗೆ ಒಯ್ಯೋಣ. ಆಧಾರ್ ಸಂಖ್ಯೆಯನ್ನು ಮಾತ್ರ ನಾವೂ ಬರೆದುಕೊಳ್ಳತಕ್ಕದ್ದಲ್ಲ.