ಮಂತ್ರಿಗಳನ್ನು ಕೇಳುವ ಗಂಟೆ

(ಬಾರಾಮತಿಯಲ್ಲಿ ಕನ್ನಡ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು ಬಹಳ ಮಂದಿ ಇದ್ದೀರಿ. ಇನ್ನು ಕೆಲವರು ಇಲ್ಲಿಂದ ಎದ್ದು ರಾತ್ರಿ ಪಾಳಿಗೆ ಹೋಗತಕ್ಕವರು. ಆದ್ದರಿಂದ ಪೀಠಿಕೆ ಬೇಡ. ಶಾಸನ ಸಭೆಯಲ್ಲಿಯೂ ಲೋಕಸಭೆಯಲ್ಲಿಯೂ ನಮ್ಮ ಪ್ರತಿನಿಧಿಗಳು ಮಂತ್ರಿಗಳನ್ನು ಪ್ರಶ್ನೆ ಕೇಳುತ್ತಾರಲ್ಲ, ಅದರಿಂದ ನಮಗೇನು ಬಂತು ಎಂಬುದೇ ಇಂದಿನ ವಿಷಯ. ಬಾರಾಮತಿಯವರಿಗೆ ಇದು ಹೊಸದಲ್ಲ. 1967ರಲ್ಲಿ ಈ ಕ್ಷೇತ್ರ ಆರಿಸಿ ಕಳುಹಿಸಿದ ತರುಣ ಶರದ ಪವಾರರು ಮುಂದೆ ಮುಖ್ಯಮಂತ್ರಿಗಳಾದರು, ದೆಹಲಿಯಲ್ಲಿ ರಕ್ಷಣಾ ಮಂತ್ರಿಗಳಾದರು, 2004ರಿಂದ 2014ರ ವರೆಗೆ ಕೃಷಿ ಮಂತ್ರಿಗಳಾಗಿದ್ದರು. ಉತ್ತರ ಹೇಳುವವರನ್ನೂ ಪ್ರಶ್ನೆ ಕೇಳುವವರನ್ನೂ ಕಂಡ ಊರು ಇದು.

ಮೊದಲು ಕ್ರಮವನ್ನು ತಿಳಿದುಕೊಳ್ಳೋಣ. ಲೋಕಸಭೆ ಕೂಡಿದ ದಿನ ಬೆಳಿಗ್ಗೆ 11ರಿಂದ 12ರ ವರೆಗೆ ಪ್ರಶ್ನೋತ್ತರದ ಗಂಟೆ. ಚುಕ್ಕೆ ಗುರುತಿನ ಪ್ರಶ್ನೆ ಎಂದು ಒಂದಿದೆ. ಮರಾಠಿಯಲ್ಲಿ ಅದನ್ನೇ ತಾರಾಂಕಿತ ಎನ್ನುತ್ತಾರೆ. ಇದಕ್ಕೆ ಮಂತ್ರಿ ಎದ್ದು ನಿಂತು ಬಾಯಿಂದ ಉತ್ತರ ಹೇಳಬೇಕು. ದಿನಕ್ಕೆ ಇಂಥವು 20 ಮಾತ್ರ. ಚುಕ್ಕೆಯಿಲ್ಲದವು 230, ಅವಕ್ಕೆ ಬರಹದ ಉತ್ತರ. ಪ್ರಶ್ನೆಯನ್ನು 15 ದಿನ ಮುಂಚೆ ಬರೆದು ಕೊಡಬೇಕು. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. 20 ಪ್ರಶ್ನೆಗಳಲ್ಲಿ ಆ ಒಂದು ಗಂಟೆಯೊಳಗೆ ಬಾಯಿಗೆ ಬರುವುದು ಬೆರಳೆಣಿಕೆಯಷ್ಟು.

ಈ ಎರಡು ಬಗೆಗೆ ಇರುವ ವ್ಯತ್ಯಾಸ ಹೋಟೆಲಿನವರಿಗೆ ಬೇಗ ತಿಳಿಯುತ್ತದೆ. ಕಟ್ಟಿಸಿಕೊಂಡು ಹೋದ ಪಾರ್ಸೆಲು ಮನೆಯಲ್ಲಿ ಬಿಚ್ಚಿದಾಗ ವಡೆ ಹಳಸಿದ್ದರೆ ಗಿರಾಕಿ ಯಾರನ್ನು ಕೇಳಬೇಕು? ಟೇಬಲಿನ ಮುಂದೆ ಕುಳಿತವನಾದರೆ ಮಾಣಿಯನ್ನು ಕರೆಯುತ್ತಾನೆ, ಗಲ್ಲೆಯ ಮೇಲೆ ಕುಳಿತ ಧಣಿಯನ್ನೂ ಕರೆಯುತ್ತಾನೆ. ಬಾಯಿಂದ ಉತ್ತರ ಬಂದಾಗ ಸದಸ್ಯರು ಉಪಪ್ರಶ್ನೆ ಹಾಕಬಹುದು. ಕಾರ್ಯದರ್ಶಿ ಬರೆದುಕೊಟ್ಟ ಕಾಗದದಲ್ಲಿ ಆ ಉಪಪ್ರಶ್ನೆಗೆ ಉತ್ತರ ಇರುವುದಿಲ್ಲ. ಮಂತ್ರಿಗೆ ಖಾತೆ ಗೊತ್ತಿದೆಯೋ ಇಲ್ಲವೋ ಎಂಬುದು ಅಲ್ಲಿಯೇ ಬಯಲಾಗುತ್ತದೆ.

ಈ ಹಕ್ಕು ಸುಮ್ಮನೆ ಬಂದದ್ದಲ್ಲ. ಬ್ರಿಟಿಷರು 1892ರ ಕಾಯಿದೆಯಲ್ಲಿ ಪ್ರಶ್ನೆ ಕೇಳಲು ಬಿಟ್ಟರು, ಉಪಪ್ರಶ್ನೆಗೆ ಬಿಡಲಿಲ್ಲ. ಅದು ದೊರೆತದ್ದು 1909ರಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದವನಿಗೆ ಮಾತ್ರ. ಮರುವರ್ಷವೇ, 1910ರಲ್ಲಿ, ಪುಣೆಯ ಗೋಪಾಲ ಕೃಷ್ಣ ಗೋಖಲೆಯವರು ದಕ್ಷಿಣ ಆಫ್ರಿಕದ ನಾತಾಳಕ್ಕೆ ಕರಾರು ಕೂಲಿಗಳನ್ನು ಸಾಗಿಸುವುದು ನಿಲ್ಲಲಿ ಎಂದು ವೈಸರಾಯರ ಸಭೆಯಲ್ಲಿ ನಿರ್ಣಯ ತಂದು ಗೆದ್ದರು. ಪರದೇಶದ ವಿಷಯವೆಂದರೆ ದೊಡ್ಡವರ ವಿಷಯ ಎನ್ನುವವರು ಇದನ್ನು ನೆನೆಯಬೇಕು. ಆ ನಿರ್ಣಯ ಕೂಲಿಗಳಿಗಾಗಿಯೇ ಬಂದದ್ದು.

ಸ್ವಾತಂತ್ರ್ಯ ಬಂದ ಮೇಲೆ ನಡೆದ ಒಂದು ಪ್ರಸಂಗ ಹೇಳುತ್ತೇವೆ. 1956ರಲ್ಲಿ ಜೀವವಿಮಾ ನಿಗಮ ಹುಟ್ಟಿತು. ಬಡವ ಬಲ್ಲಿದರೆಲ್ಲ ಕಂತು ಕಟ್ಟಿ ಕೂಡಿಸಿದ ಹಣ ಅದು. ಮರುವರ್ಷ ಆ ಹಣದಲ್ಲಿ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಸುರಿದು ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಆರು ಕಂಪೆನಿಗಳ ಷೇರು ಕೊಂಡರು. ಆತ ಕಷ್ಟದಲ್ಲಿದ್ದ ವ್ಯಾಪಾರಿ. ಲೋಕಸಭೆಯಲ್ಲಿ ಇದನ್ನು ಕೆದಕಿದವರು ವಿರೋಧ ಪಕ್ಷದವರಷ್ಟೇ ಅಲ್ಲ. ಆಳುವ ಕಾಂಗ್ರೆಸಿನವರೇ ಆದ, ಪ್ರಧಾನಿ ನೆಹರೂ ಅವರ ಅಳಿಯ ಫಿರೋಜ್ ಗಾಂಧಿಯವರು ಮುಂದೆ ನಿಂತರು. ಮಾವನ ಸರ್ಕಾರವೆಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ಮುಂಬಯಿಯ ಮುಖ್ಯ ನ್ಯಾಯಾಧೀಶ ಛಾಗ್ಲಾ ಅವರು ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸಭೆಯಲ್ಲಿ ಎದ್ದ ಪ್ರಶ್ನೆಯೇ ಇಷ್ಟಕ್ಕೆಲ್ಲ ಮೊದಲು.

ವಿದೇಶ ನೀತಿಯ ಮಾತು. 1959ರ ಆಗಸ್ಟಿನಲ್ಲಿ ಸದಸ್ಯರು ಬಿಡದೆ ಕೇಳಿದ್ದರಿಂದ, ಅಕ್ಸಾಯ್ ಚಿನ್ನಿನಲ್ಲಿ ಚೀನದವರು ರಸ್ತೆ ಹಾಕಿದ ಸಂಗತಿಯನ್ನು ನೆಹರೂ ಅವರು ಸಭೆಯ ಮುಂದೆ ಹೇಳಬೇಕಾಯಿತು. ವಿದೇಶ ಖಾತೆ ಅವರದೇ ಆಗಿತ್ತು, ಉತ್ತರವನ್ನೂ ಅವರೇ ಹೇಳುತ್ತಿದ್ದರು. ಅಂದು ಕೇಳದಿದ್ದರೆ ಆ ರಸ್ತೆಯ ಸುದ್ದಿ ಜನಕ್ಕೆ ಯಾವಾಗ ತಿಳಿಯುತ್ತಿತ್ತೋ!

ಚೀನ ದೂರ ಎನ್ನುವಿರಾದರೆ ಕಾಂದಾ ನೋಡಿ. 2023ರ ಆಗಸ್ಟಿನಲ್ಲಿ ಈರುಳ್ಳಿ ರಫ್ತಿನ ಮೇಲೆ ನೂರಕ್ಕೆ 40ರ ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿದರು. ನಿಷೇಧ ತೆಗೆದದ್ದು 2024ರ ಮೇ ತಿಂಗಳಲ್ಲಿ. ಹೋಟೆಲಿನ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುವವನಿಗೆ ಬೆಲೆ ಇಳಿಯಲಿ ಎಂಬ ಆಸೆ. ಈ ತಾಲೂಕಿನಲ್ಲಿ ಅದನ್ನು ಬೆಳೆದವನಿಗೆ ಬೆಲೆ ಸಿಗಲಿ ಎಂಬ ಆಸೆ. ನಮ್ಮಲ್ಲಿ ಎಷ್ಟೋ ಜನ ಇಲ್ಲಿ ಹೆಚ್ಚುತ್ತಾರೆ, ಅವರ ಅಣ್ಣತಮ್ಮಂದಿರು ಊರಿನಲ್ಲಿ ಬೆಳೆಯುತ್ತಾರೆ! ಕೋಲಾರ ಚಿಕ್ಕಬಳ್ಳಾಪುರದ ಕಡೆಯ ಗುಲಾಬಿ ಈರುಳ್ಳಿ ಮಲೇಶಿಯ ಸಿಂಗಾಪುರಕ್ಕೆಂದೇ ಬೆಳೆಯತಕ್ಕದ್ದು, ನಮ್ಮ ಅಡಿಗೆಮನೆಗೆ ಬರುವುದೇ ಕಡಿಮೆ. ಅದಕ್ಕೂ ಅದೇ ಸುಂಕ ಬಿದ್ದಾಗ ಬೆಳೆಗಾರರು ಕೂಗಿದರು, 2023ರ ಸೆಪ್ಟೆಂಬರಿನಲ್ಲಿ ವಿನಾಯಿತಿ ದೊರೆಯಿತು. ಇದು ಒಳನಾಡಿನ ನೀತಿಯೋ ವಿದೇಶ ನೀತಿಯೋ, ನೀವೇ ಹೇಳಿ.

ಇನ್ನು ನಮ್ಮವರೊಬ್ಬರ ಮಾತು. ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಮುಂಬಯಿಗೆ ಬಂದ ಹೊಸದರಲ್ಲಿ ಕಾಲುದಾರಿಯ ಮೇಲೆ ಮಲಗಿದವರು. ಹೋಟೆಲು, ಟ್ಯಾಕ್ಸಿ, ನಗರಸಭೆಯ ನೌಕರರನ್ನು ಕಟ್ಟಿದವರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥ ದೊಡ್ಡ ಮಂತ್ರಿಯನ್ನು ಸೋಲಿಸಿ ಲೋಕಸಭೆಗೆ ಹೋದರು. ಅಲ್ಲಿ ಮಂತ್ರಿಗಳ ಬೆವರಿಳಿಸಿದರು. ಕಾಲ ತಿರುಗಿ ಅವರೇ 1998ರಲ್ಲಿ ರಕ್ಷಣಾ ಮಂತ್ರಿಗಳಾದರು. 2001ರಲ್ಲಿ ಆಪಾದನೆ ಬಂದು ರಾಜೀನಾಮೆ ಕೊಟ್ಟು, ಅದೇ ವರ್ಷ ಮರಳಿ ಮಂತ್ರಿಯಾದಾಗ ವಿರೋಧ ಪಕ್ಷದವರು ಅವರನ್ನು ಬಹಿಷ್ಕರಿಸಿದರು. ಅವರು ಎದ್ದು ನಿಂತರೆ ಇವರು ಹೊರಗೆ ನಡೆದರು. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಮಂತ್ರಿಯ ಮೇಲೆ ಸಂಶಯವಿದ್ದರೆ ಹೆಚ್ಚು ಪ್ರಶ್ನೆ ಕೇಳಬೇಕು. ಹೊರಗೆ ನಡೆದರೆ ಮಂತ್ರಿಗೇ ಸುಖ.

ಈಗ ನಮ್ಮ ಹೊಟ್ಟೆಯ ವಿಷಯ. 2020ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಬೀಗ ಬಿತ್ತು. ಹೋಟೆಲುಗಳ ಭಟ್ಟಿ ಆರಿತು. ಮುಂಬಯಿ ಪುಣೆಗಳಲ್ಲಿದ್ದ ನಮ್ಮ ಹುಡುಗರು ಬೈಂದೂರು, ಕುಂದಾಪುರ, ಕಲಬುರಗಿ, ವಿಜಯಪುರದ ಕಡೆಗೆ ಹೊರಟರು. ಮೇ ತಿಂಗಳ 18ಕ್ಕೆ ಕರ್ನಾಟಕ ಸರ್ಕಾರವೇ ಮಹಾರಾಷ್ಟ್ರದಿಂದ ಬರುವವರನ್ನು ತಿಂಗಳ ಕೊನೆಯ ವರೆಗೆ ತಡೆಯಿತು. ಇಲ್ಲಿ ಅನ್ನವಿಲ್ಲ, ಅಲ್ಲಿ ಬಾಗಿಲಿಲ್ಲ ಎಂಬ ಸ್ಥಿತಿ. ಸೆಪ್ಟೆಂಬರಿನಲ್ಲಿ ಲೋಕಸಭೆ ಕೂಡಿತು. ರೋಗದ ಕಾರಣ ಹೇಳಿ ಆ ಅಧಿವೇಶನಕ್ಕೆ ಪ್ರಶ್ನೋತ್ತರದ ಗಂಟೆಯನ್ನೇ ತೆಗೆದರು. ಬರಹದ ಪ್ರಶ್ನೆ ಮಾತ್ರ ಉಳಿಯಿತು. ಮೊದಲ ದಿನವೇ, 14ನೆಯ ತಾರೀಖು, ದಾರಿಯಲ್ಲಿ ಎಷ್ಟು ವಲಸೆ ಕಾರ್ಮಿಕರು ಸತ್ತರು, ಅವರ ಮನೆಯವರಿಗೆ ಪರಿಹಾರ ಕೊಟ್ಟಿರಾ ಎಂಬ ಪ್ರಶ್ನೆಗೆ ಕಾರ್ಮಿಕ ಖಾತೆಯ ಉತ್ತರ ಬಂತು: ಅಂಥ ಲೆಕ್ಕ ಇಟ್ಟಿಲ್ಲ, ಆದ್ದರಿಂದ ಪರಿಹಾರದ ಮಾತು ಏಳುವುದೇ ಇಲ್ಲ. ಊರಿಗೆ ಮರಳಿದವರು 1 ಕೋಟಿ 4 ಲಕ್ಷಕ್ಕೂ ಹೆಚ್ಚು ಎಂಬ ಲೆಕ್ಕ ಮಾತ್ರ ಇತ್ತು. ನಡೆದವರ ಲೆಕ್ಕ ಇದೆ, ಬಿದ್ದವರದು ಇಲ್ಲ!

ಇಲ್ಲಿಯೇ ಉಪಪ್ರಶ್ನೆ ಬೇಕಾಗಿತ್ತು. ಯಾಕೆ ಇಟ್ಟಿಲ್ಲ, ಇಡಬೇಕಾದವರು ಯಾರು, ಎಂದು ಎದ್ದು ಕೇಳಲು ಆ ಗಂಟೆಯೇ ಇರಲಿಲ್ಲ. ಆದರೂ ಕೇಳಿದವರು ಬಿಡಲಿಲ್ಲ. ಅದೇ ವಾರ ರಾಜ್ಯಸಭೆಯಲ್ಲಿ ಬೇರೊಂದು ಪ್ರಶ್ನೆ ರೈಲ್ವೆ ಖಾತೆಗೆ ಹೋಯಿತು. ಶ್ರಮಿಕ ರೈಲುಗಳಲ್ಲಿ 97 ಜನ ಸತ್ತರೆಂದು ಮಂತ್ರಿಗಳು ಒಪ್ಪಿಕೊಂಡರು. ಒಂದು ಖಾತೆಯಲ್ಲಿ ಇಲ್ಲದ ಲೆಕ್ಕ ಇನ್ನೊಂದು ಖಾತೆಯಲ್ಲಿ ಸ್ವಲ್ಪವಾದರೂ ಇತ್ತು. ಮತ್ತೂ ಒಂದು ಸಂಗತಿ: ನಮ್ಮ ಕೆಲಸ, ನಮ್ಮ ಮುಷ್ಕರದ ಹಕ್ಕು, ನಮ್ಮ ಭವಿಷ್ಯನಿಧಿಗೆ ಸಂಬಂಧಿಸಿದ ಮೂರು ಕಾರ್ಮಿಕ ಸಂಹಿತೆಗಳು ಸಂಸತ್ತಿನಲ್ಲಿ ಪಾಸಾದದ್ದು ಪ್ರಶ್ನೋತ್ತರವಿಲ್ಲದ ಅದೇ ಅಧಿವೇಶನದಲ್ಲಿ, ವಿರೋಧ ಪಕ್ಷದವರು ಹೊರಗಿದ್ದಾಗ.

2023ರ ಡಿಸೆಂಬರಿನ ಮಾತೂ ನಿಮಗೆ ತಿಳಿದದ್ದೇ. ಲೋಕಸಭೆಯೊಳಗೆ ಇಬ್ಬರು ಹೊಗೆಯ ಡಬ್ಬಿ ಹಿಡಿದು ಹಾರಿದರು. ಗೃಹಮಂತ್ರಿ ಬಂದು ಹೇಳಿಕೆ ಕೊಡಲಿ ಎಂದು ಗದ್ದಲವೆಬ್ಬಿಸಿದ ಎರಡೂ ಸಭೆಗಳ 146 ಸದಸ್ಯರನ್ನು ಅಮಾನತು ಮಾಡಿದರು. ಬಾರಾಮತಿಯ ಸದಸ್ಯೆ ಸುಪ್ರಿಯಾ ಸುಳೆಯವರೂ ಅವರಲ್ಲಿ ಒಬ್ಬರು. ಅಮಾನತಾದವರ ಹೆಸರಿನ ಪ್ರಶ್ನೆಗಳೂ ಪಟ್ಟಿಯಿಂದ ಹೋದವು. ಗದ್ದಲ ಸರಿಯೋ ತಪ್ಪೋ ಎಂದು ಪಕ್ಷದವರು ಜಗಳವಾಡಲಿ. ನಮ್ಮ ಸಂಘ ಯಾವ ಪಕ್ಷದ್ದೂ ಅಲ್ಲ. ಆ ಪ್ರಶ್ನೆಗಳು ಸದಸ್ಯರ ಸ್ವಂತ ಆಸ್ತಿಯಲ್ಲ, ಮತ ಕೊಟ್ಟವರದು, ಇಷ್ಟೇ ನಮ್ಮ ತಕರಾರು.

ಕೊನೆಗೆ ಪಿಂಚಣಿ. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ತಿಂಗಳಿಗೆ 1,000 ರೂಪಾಯಿ ಎಂದು 2014ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದರು. ಇದನ್ನು ಹೆಚ್ಚಿಸಿ ಎಂದು ವರ್ಷ ವರ್ಷ ಪ್ರಶ್ನೆ ಬಂದಿದೆ, 2025ರಲ್ಲಿಯೂ ಬಂದಿದೆ. ಉತ್ತರವೂ ಹಳೆಯದೇ, ನಿಧಿಗೆ ತಡೆಯದು ಎಂದು. ಗಿರಣಿಯ ಮುದುಕರಿಗೆ ಈ 1,000 ಔಷಧಕ್ಕೆ ಸಾಲದು. ಹೋಟೆಲಿನವರಲ್ಲಿ ಅನೇಕರಿಗೆ ಅದೂ ಇಲ್ಲ. ಕಾಯಿದೆ 20 ಜನ ನೌಕರರಿದ್ದಲ್ಲಿ ಅನ್ವಯಿಸುತ್ತದೆ. 25 ಜನ ದುಡಿಯುವ ಕಡೆ ಪುಸ್ತಕದಲ್ಲಿ 18 ಹೆಸರು ಬರೆಯುವ ಚಮತ್ಕಾರವನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಆದ್ದರಿಂದ ಸಂಘದವರು ಒಂದು ಕರಡು ಮಾಡಿದ್ದೇವೆ. ಪುಣೆ ಜಿಲ್ಲೆಯಲ್ಲಿ ಭವಿಷ್ಯನಿಧಿಗೆ ನೋಂದಾಯಿಸಿದ ಹೋಟೆಲುಗಳೆಷ್ಟು? ಕಳೆದ ಮೂರು ವರ್ಷಗಳಲ್ಲಿ ಇನ್‌ಸ್ಪೆಕ್ಟರರು ಎಷ್ಟನ್ನು ತಪಾಸಣೆ ಮಾಡಿದರು? ಹೆಸರು ಬಿಟ್ಟದ್ದು ಸಿಕ್ಕಾಗ ಎಷ್ಟು ಹಣ ವಸೂಲಾಯಿತು? ಇದನ್ನು ಮರಾಠಿಯಲ್ಲಿ ಬರೆಸಿ ಇಲ್ಲಿಯ ಸದಸ್ಯರ ಕಚೇರಿಗೆ, ಚುಕ್ಕೆ ಗುರುತು ಹಾಕಿಸಿ ಎಂಬ ಕೋರಿಕೆಯೊಡನೆ ಕೊಡತಕ್ಕದ್ದು. 15 ದಿನದ ಗಡುವಿನ ಮಾತು ಮರೆಯಬಾರದು. ನಿಮ್ಮ ನಿಮ್ಮ ಕಡೆ ದುಡಿಯುವವರೆಷ್ಟು, ಪುಸ್ತಕದಲ್ಲಿ ಹೆಸರಿರುವವರೆಷ್ಟು ಎಂಬ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದು ಈಗಲೇ ಕೊಡಿ. ನಿಮ್ಮ ಹೆಸರು ಬರೆಯಬೇಡಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಕಾಗದ ಪೆನ್ಸಿಲು ಇಟ್ಟಿದೆ. ರಾತ್ರಿ ಪಾಳಿಯವರು ಮೊದಲು ಬರೆದು ಹೊರಡಿ.